ಹೊಸಕೋಟೆಯಲ್ಲಿ ಕೂತು ಲಡಾಖ್‌ನ ಟೆಲಿಸ್ಕೋಪ್ ತಿರುಗಿಸೋದು ಹೇಗೆ? ಶಿಡ್ಲಘಟ್ಟ ರಸ್ತೆಯ ಕ್ಯಾಂಪಸ್‌ನಲ್ಲಿ ರಾತ್ರಿಯಿಡೀ ನಡೆಯುವ ಕೆಲಸ

ಹೊಸಕೋಟೆ: ಶಿಡ್ಲಘಟ್ಟ ರಸ್ತೆಯಲ್ಲಿ ಓಡಾಡುವವರಿಗೆ ‘ಕ್ರೆಸ್ಟ್’ ಕ್ಯಾಂಪಸ್ ಗೊತ್ತಿರುತ್ತೆ. ಒಳಗೆ ಏನು ನಡೆಯುತ್ತೆ ಅಂತ ಕೇಳಿದರೆ ಮಾತ್ರ ‘ಅದೇನೋ ಸೈನ್ಸ್‌ನೋರದು’ ಅನ್ನೋ ಉತ್ತರವೇ ಜಾಸ್ತಿ.

ಪೇಟೆಯ ಅಂಗಡಿಗಳು ಶಟರ್ ಎಳೆಯುವ ಹೊತ್ತಿಗೆ ಅಲ್ಲಿ ಕೆಲಸ ಶುರುವಾಗುತ್ತೆ. ಒಬ್ಬರು ಕಂಪ್ಯೂಟರ್ ಮುಂದೆ ಕೂತು ಆಕಾಶದಲ್ಲಿರುವ ಒಂದು ನಕ್ಷತ್ರದ ‘ವಿಳಾಸ’ ಟೈಪ್ ಮಾಡುತ್ತಾರೆ. ಇಲ್ಲಿಂದ ನೇರ ಗೆರೆ ಎಳೆದರೂ ಸುಮಾರು 2,200 ಕಿ.ಮೀ. ದೂರ, ಲಡಾಖ್‌ನ ಹಾನ್ಲೆ ಹಳ್ಳಿಯ ಪಕ್ಕದ ಬೆಟ್ಟದ ಮೇಲೆ, 2 ಮೀಟರ್ ಅಗಲದ ಕನ್ನಡಿಯಿರುವ ಟೆಲಿಸ್ಕೋಪ್ ಆ ನಕ್ಷತ್ರದ ಕಡೆ ತಿರುಗುತ್ತೆ. ಅದು ತೆಗೆದ ಚಿತ್ರ ಸ್ವಲ್ಪ ಹೊತ್ತಿಗೆ ಹೊಸಕೋಟೆಯ ಪರದೆ ಮೇಲೆ ಬರುತ್ತೆ.

ಇದು 2001ರಿಂದ ನಡೆದುಕೊಂಡು ಬಂದಿರುವ ವ್ಯವಸ್ಥೆ. ಯಂತ್ರ ಒಂದು ಕಡೆ, ಅದನ್ನು ನಡೆಸುವವರು ಇನ್ನೊಂದು ಕಡೆ, ಅದರಿಂದ ಕೆಲಸ ಮಾಡಿಸಿಕೊಳ್ಳುವವರು ದೇಶದ ಹತ್ತು ಕಡೆ. ‘ಇಂಟರ್ನೆಟ್ ಇದ್ರೆ ಆಯ್ತಲ್ಲ, ಅದರಲ್ಲೇನಿದೆ?’ ಅಂತ ಅನ್ನಿಸಬಹುದು. ಆದರೆ ಬರೀ ಇಂಟರ್ನೆಟ್‌ನಿಂದ ಇದು ಆಗುವ ಮಾತಲ್ಲ.

ಟೆಲಿಸ್ಕೋಪ್ ಅಲ್ಲಿ ಯಾಕೆ, ಜನ ಇಲ್ಲಿ ಯಾಕೆ?

ಈ ಟೆಲಿಸ್ಕೋಪ್ ಹೆಸರು ‘ಹಿಮಾಲಯನ್ ಚಂದ್ರ ಟೆಲಿಸ್ಕೋಪ್’. ಇಲ್ಲಿ ಚಂದ್ರ ಅಂದರೆ ಆಕಾಶದ ಚಂದ್ರ ಅಲ್ಲ. 1983ರಲ್ಲಿ ನೊಬೆಲ್ ಪಡೆದ ಖಗೋಳ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ (ಐಐಎ) ಇದನ್ನು ನಡೆಸುತ್ತೆ. ನಮ್ಮ ಹೊಸಕೋಟೆಯ ಕ್ರೆಸ್ಟ್ ಅದೇ ಸಂಸ್ಥೆಯ ಕ್ಯಾಂಪಸ್ಸು.

ಹಾನ್ಲೆಯ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ವರ್ಷದ ಮಳೆ 10 ಸೆಂ.ಮೀ.ಗೂ ಕಡಿಮೆ. ಗಾಳಿ ಒಣ, ಧೂಳು ಕಡಿಮೆ, ಸುತ್ತಮುತ್ತ ದೊಡ್ಡ ಊರಿನ ದೀಪಗಳಿಲ್ಲ. ವರ್ಷಕ್ಕೆ ಸುಮಾರು 260 ರಾತ್ರಿ ಒಂದಲ್ಲ ಒಂದು ರೀತಿ ವೀಕ್ಷಣೆಗೆ ಸಿಗುತ್ತೆ. ಇದೇ ಟೆಲಿಸ್ಕೋಪನ್ನು ತಂದು ಹೊಸಕೋಟೆಯಲ್ಲಿಟ್ಟರೆ ಮುಂಗಾರಿನಲ್ಲಿ ಮೋಡ, ಉಳಿದ ದಿನ ಗೋದಾಮುಗಳ ಲೈಟು, ಹೈವೇ ಲೈಟು, ಪಕ್ಕದ ಬೆಂಗಳೂರಿನ ಬೆಳಕು. ಮಸುಕು ನಕ್ಷತ್ರಗಳನ್ನು ನೋಡುವ ಆಸೆ ಬಿಟ್ಟುಬಿಡಬೇಕು.

ಟೆಲಿಸ್ಕೋಪಿಗೆ ಒಳ್ಳೆಯದಾದ ಜಾಗ ಮನುಷ್ಯನಿಗೆ ಕಷ್ಟದ ಜಾಗ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ 60ರಷ್ಟೇ. ಬಯಲುಸೀಮೆಯಿಂದ ಹೋದವರು ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಾರೆ, ತಲೆನೋವು ಹಿಡಿಯುತ್ತೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುತ್ತೆ. ಅಂಥ ಕಡೆ ರಾತ್ರಿಯಿಡೀ ಎಚ್ಚರವಿದ್ದು ತಪ್ಪಿಲ್ಲದೆ ಲೆಕ್ಕ ನೋಡು ಅಂದರೆ ಯಾರಿಗಾದರೂ ಕಷ್ಟ. ಎರಡು ರಾತ್ರಿಯ ಕೆಲಸಕ್ಕೆ ಹೋಗಿ ಬರೋದು, ಮೈ ಒಗ್ಗಿಸಿಕೊಳ್ಳೋದು ಅಂತ ವಾರವೇ ಕಳೆದುಹೋಗುತ್ತೆ. ಹಾಗಾಗಿ ಕಣ್ಣು ಬೆಟ್ಟದ ಮೇಲಿರಲಿ, ಕೂರುವ ಕುರ್ಚಿ ಬೆಂಗಳೂರಿನ ಹತ್ತಿರ ಇರಲಿ ಅನ್ನೋ ತೀರ್ಮಾನವಾಯಿತು. ಅಲ್ಲಿಗೂ ಇಲ್ಲಿಗೂ ಉಪಗ್ರಹದ ಮೂಲಕ ಸಂಪರ್ಕ ಕೊಟ್ಟರು.

ಮೊಬೈಲ್ ಸ್ಟಾರ್ಟರ್ ಗೊತ್ತಿದ್ದರೆ ಇದೂ ಅರ್ಥ ಆಗುತ್ತೆ

ನಮ್ಮ ತಾಲ್ಲೂಕಿನ ರೈತರಿಗೆ ಇದನ್ನು ವಿವರಿಸೋದು ಸುಲಭ. ಮೊದಲೆಲ್ಲ ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಹೋಗಿ ಮೋಟರ್ ಹಾಕಬೇಕಿತ್ತು. ಈಗ ಎಷ್ಟೋ ಕೊಳವೆಬಾವಿಗಳ ಪೆಟ್ಟಿಗೆಯಲ್ಲಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದೆ. ಮನೆಯಲ್ಲೇ ಕೂತು ಫೋನ್ ಮಾಡಿದರೆ ಮೋಟರ್ ಓಡುತ್ತೆ.

ಆ ಪೆಟ್ಟಿಗೆ ಇನ್ನೊಂದು ಕೆಲಸವನ್ನೂ ಮಾಡುತ್ತೆ. ನೀರು ಬತ್ತಿದರೆ, ಒಂದು ಫೇಸ್ ಹೋದರೆ, ವೋಲ್ಟೇಜ್ ಏರುಪೇರಾದರೆ ನಿಮ್ಮನ್ನು ಕೇಳದೆ ತಾನೇ ಮೋಟರ್ ನಿಲ್ಲಿಸುತ್ತೆ. ನೀವು ಫೋನ್ ಎತ್ತುವವರೆಗೂ ಕಾಯುತ್ತಾ ಕೂತರೆ ಮೋಟರ್ ಸುಟ್ಟುಹೋಗಿರುತ್ತೆ. ಆಜ್ಞೆ ದೂರದಿಂದ ಬರಲಿ, ಆದರೆ ಜೀವ ಉಳಿಸಿಕೊಳ್ಳುವ ಬುದ್ಧಿ ಯಂತ್ರದ ಪಕ್ಕದಲ್ಲೇ ಇರಲಿ. ದೂರದಿಂದ ನಡೆಸುವ ಎಲ್ಲ ಯಂತ್ರಗಳ ಮೊದಲ ಪಾಠ ಇದೇ.

ಟೆಲಿಸ್ಕೋಪಿನಲ್ಲೂ ಹಾಗೇ ಕೆಲಸ ಹಂಚಿರುತ್ತಾರೆ. ಕನ್ನಡಿ ಹೊತ್ತ ದೊಡ್ಡ ಚೌಕಟ್ಟನ್ನು ತಿರುಗಿಸೋದು ಒಂದು ಕೆಲಸ. ಗುಮ್ಮಟದ ಬಾಗಿಲು ನೋಡಿಕೊಳ್ಳೋದು ಇನ್ನೊಂದು. ಕ್ಯಾಮೆರಾ ನಡೆಸೋದು ಮತ್ತೊಂದು. ಗಾಳಿಯ ವೇಗ, ತೇವಾಂಶ, ಉಷ್ಣತೆ ಅಳೆಯೋದು ಮಗದೊಂದು. ಪ್ರತಿಯೊಂದನ್ನೂ ನೋಡಿಕೊಳ್ಳುವ ಕಂಪ್ಯೂಟರ್ ಬೆಟ್ಟದ ಮೇಲೇ ಇರುತ್ತೆ. ‘ಈ ನಕ್ಷತ್ರ ನೋಡು, ಇಷ್ಟು ಹೊತ್ತು ನೋಡು, ಈ ಫಿಲ್ಟರ್ ಹಾಕು’ ಅಂತ ಹೇಳುವ ಯಜಮಾನಿಕೆ ಮಾತ್ರ ದೂರದಲ್ಲಿರುತ್ತೆ. ಒಂದೇ ದೊಡ್ಡ ಕಂಪ್ಯೂಟರಿನ ಮೇಲೆ ಎಲ್ಲ ಹೊರಿಸದೆ, ಬೇರೆ ಬೇರೆ ಜಾಗದ ಹಲವು ಕಂಪ್ಯೂಟರ್‌ಗಳು ಮಾತಾಡಿಕೊಂಡು ಒಂದೇ ಕೆಲಸ ಮುಗಿಸುವುದಕ್ಕೆ ‘ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್’ ಅನ್ನುತ್ತಾರೆ. ಹೆಸರು ಉದ್ದ ಇದ್ದರೂ ವಿಷಯ ಇಷ್ಟೇ, ಹಂಚಿಕೊಂಡು ಮಾಡುವ ಕೆಲಸ.

ಅರ್ಧ ಸೆಕೆಂಡಿನ ತಾಪತ್ರಯ

ಹಾಗಾದ್ರೆ ಎಲ್ಲವನ್ನೂ ಇಲ್ಲಿಂದಲೇ ನಡೆಸಬಾರದಾ? ಬರಲ್ಲ. ಯಾಕೆ ಅಂತ ಒಂದು ಸಣ್ಣ ಲೆಕ್ಕ ನೋಡಿ.

ಟಿವಿ ಡಿಶ್‌ಗೆ ಸಿಗ್ನಲ್ ಕೊಡುವಂಥ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿ.ಮೀ. ಮೇಲಿರುತ್ತವೆ. ಅಂಥ ಉಪಗ್ರಹದ ಮೂಲಕ ಹೊಸಕೋಟೆಯ ಆಜ್ಞೆ ಹೋಗಬೇಕಾದರೆ ಅಲ್ಲಿಗೆ ಹತ್ತಿ, ಹಾನ್ಲೆಗೆ ಇಳಿಯಬೇಕು. ಒಟ್ಟು 72,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಂದರೆ ಆಜ್ಞೆ ಮುಟ್ಟೋಕೆ ಸುಮಾರು ಕಾಲು ಸೆಕೆಂಡ್, ‘ಆಯ್ತು’ ಅನ್ನೋ ಉತ್ತರ ವಾಪಸ್ ಬರೋಕೆ ಇನ್ನೊಂದು ಕಾಲು ಸೆಕೆಂಡ್. ಒಟ್ಟು ಅರ್ಧ ಸೆಕೆಂಡ್.

ಫೋನಿನಲ್ಲಿ ಮಾತಾಡುವಾಗ ಅರ್ಧ ಸೆಕೆಂಡ್ ತಡವಾದರೆ ಸ್ವಲ್ಪ ಕಿರಿಕಿರಿ ಅಷ್ಟೆ. ಟೆಲಿಸ್ಕೋಪಿಗೆ ಅದು ದೊಡ್ಡ ಹೊತ್ತು. ಭೂಮಿ ತಿರುಗುತ್ತಲೇ ಇರುತ್ತೆ. ಟೆಲಿಸ್ಕೋಪ್ ಸುಮ್ಮನೆ ನಿಂತರೆ, ಅರ್ಧ ಸೆಕೆಂಡಿನಲ್ಲಿ ನಕ್ಷತ್ರದ ಬಿಂಬ ಅದರ ಕ್ಯಾಮೆರಾದಲ್ಲಿ 20–25 ಚುಕ್ಕೆಯಷ್ಟು ಜಾರಿಬಿಡುತ್ತೆ. ಚುಕ್ಕೆಯಾಗಿ ಬರಬೇಕಾದ ನಕ್ಷತ್ರ ಗೆರೆಯಾಗಿ ಬರುತ್ತೆ. ‘ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ’ ಅಂತ ಹೊಸಕೋಟೆಯಿಂದ ಹೇಳುತ್ತಾ ಹೋದರೆ, ಹೇಳಿದ ಮಾತು ಮುಟ್ಟೋದರೊಳಗೆ ನಕ್ಷತ್ರ ಮುಂದೆ ಹೋಗಿರುತ್ತೆ. ಆದ್ದರಿಂದ ನಕ್ಷತ್ರದ ಬೆನ್ನು ಹತ್ತುವ ಕೆಲಸ ಪಕ್ಕದಲ್ಲೇ ಇರುವ ಕಂಪ್ಯೂಟರಿನದು. ನಿಧಾನವಾಗಿ ತೀರ್ಮಾನಿಸಬಹುದಾದದ್ದು ಇಲ್ಲಿ, ಕಣ್ಣುಮಿಟುಕಿಸುವುದರೊಳಗೆ ಆಗಬೇಕಾದದ್ದು ಅಲ್ಲಿ. ಕೆಲಸ ಹಂಚುವ ಸೂತ್ರ ಇದೇ.

ಫೋಟೋ ತರೋದೂ ಸಲೀಸಲ್ಲ

ವಾಟ್ಸಾಪ್‌ನಲ್ಲಿ ಮದುವೆ ಫೋಟೋ ಕಳಿಸಿದಾಗ ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತೆ. ಮುಖ ಕಂಡರೆ ಸಾಕು, ಯಾರೂ ಕೇಳಲ್ಲ. ವಿಜ್ಞಾನಿಗಳಿಗೆ ಹಾಗಾಗಲ್ಲ. ಒಂದೊಂದು ಚುಕ್ಕೆಯ ಮೇಲೆ ಎಷ್ಟು ಬೆಳಕು ಬಿತ್ತು ಅನ್ನೋ ಅಂಕಿಯೇ ಅವರಿಗೆ ಬೇಕು. ಒಂದು ಅಂಕಿ ಆಚೀಚೆಯಾದರೂ ಲೆಕ್ಕ ಕೆಡುತ್ತೆ.

ಈ ಟೆಲಿಸ್ಕೋಪಿನ ಒಂದು ಮುಖ್ಯ ಕ್ಯಾಮೆರಾ ಚಿತ್ರ ತೆಗೆಯುವಾಗ ಉದ್ದಕ್ಕೆ 2,048, ಅಗಲಕ್ಕೆ 2,048 ಚುಕ್ಕೆ ಬಳಸುತ್ತೆ. ಗುಣಿಸಿದರೆ ಸುಮಾರು 42 ಲಕ್ಷ ಚುಕ್ಕೆ. ಪ್ರತಿ ಚುಕ್ಕೆಯ ಅಂಕಿಗೆ ಎರಡು ಬೈಟ್ ಹಿಡಿದರೆ ಒಂದು ಚಿತ್ರ ಸುಮಾರು 8 ಎಂಬಿ. ಸೆಕೆಂಡಿಗೆ ಒಂದು ಮೆಗಾಬಿಟ್ ಹೋಗುವ ಲೈನಿನಲ್ಲಿ ಇದನ್ನು ತರೋಕೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಈಗಿನ ಫೈಬರ್ ಕಾಲದಲ್ಲಿ ಇದು ಕಾಯುವ ಮಾತೇ ಅಲ್ಲ. ಆದರೆ ಇಂಥ ಬೆಟ್ಟದ ಲೈನುಗಳಲ್ಲಿ ಒಂದೊಂದು ಎಂಬಿಗೂ ಬೆಲೆಯಿದೆ. ಅದಕ್ಕೇ ಇಂಥ ವ್ಯವಸ್ಥೆಗಳಲ್ಲಿ ಅಸಲಿ ಚಿತ್ರವನ್ನು ಮೊದಲು ಯಂತ್ರದ ಪಕ್ಕದಲ್ಲೇ ಉಳಿಸಿಕೊಳ್ಳುವ ಪದ್ಧತಿ. ಲೈನ್ ಮಧ್ಯದಲ್ಲಿ ಕಟ್ಟಾದರೂ ಚಿತ್ರ ಕಳೆದುಹೋಗಲ್ಲ.

ಲಿಂಕ್ ಹೋದ್ರೆ ಏನ್ ಗತಿ?

ಅಂಗಡಿಯಲ್ಲಿ ನೆಟ್‌ವರ್ಕ್ ಹೋಗಿ ಯುಪಿಐ ನಿಂತರೆ ‘ಕ್ಯಾಶ್ ಕೊಡಿ ಅಣ್ಣ’ ಅಂತೀವಿ. ಟೆಲಿಸ್ಕೋಪಿಗೆ ಆ ದಾರಿ ಇಲ್ಲ. ಗುಮ್ಮಟದ ಬಾಗಿಲು ತೆರೆದಿರುವಾಗ ಲಿಂಕ್ ಹೋಗಿ, ಅದೇ ಹೊತ್ತಿಗೆ ಹಿಮ ಬೀಳೋಕೆ ಶುರುವಾದರೆ? ಕನ್ನಡಿಯ ಮೇಲಿನ ತೆಳುವಾದ ಲೋಹದ ಲೇಪಕ್ಕೆ ತೇವವೂ ಧೂಳೂ ಆಗಿಬರಲ್ಲ.

ಆದ್ದರಿಂದ ದೂರನಿಯಂತ್ರಣದ ವ್ಯವಸ್ಥೆ ಕಟ್ಟುವವರು ಮೊದಲು ಯೋಚಿಸೋದು ಕೆಟ್ಟ ಗಳಿಗೆಯನ್ನೇ. ಮೇಲಿನಿಂದ ಮಾತು ನಿಂತರೆ ಯಂತ್ರ ಏನು ಮಾಡಬೇಕು? ಹಿಡಿದ ಕೆಲಸ ಮುಗಿಸಬೇಕಾ, ಅರ್ಧಕ್ಕೆ ಬಿಟ್ಟು ಬಾಗಿಲು ಹಾಕಿಕೊಳ್ಳಬೇಕಾ? ಗಾಳಿ ಎಷ್ಟು ಜೋರಾದರೆ ಮುಚ್ಚಬೇಕು, ತೇವ ಎಷ್ಟು ಏರಿದರೆ ಮುಚ್ಚಬೇಕು? ಇದನ್ನೆಲ್ಲ ಮೊದಲೇ ಬರೆದಿಟ್ಟಿರಬೇಕು. ಯಜಮಾನರು ಊರಲ್ಲಿ ಇಲ್ಲದಾಗ ಅಂಗಡಿ ಹುಡುಗನಿಗೆ ‘ಹೀಗಾದ್ರೆ ಹೀಗೆ ಮಾಡಪ್ಪ’ ಅಂತ ಹೇಳಿ ಹೋಗುವ ಹಾಗೆ.

ಬೆಟ್ಟದ ಮೇಲೆ ಕೈಗಳು ಬೇಕೇ ಬೇಕು

‘ಎಲ್ಲ ಕಂಪ್ಯೂಟರೇ ಮಾಡುತ್ತೆ ಅಂದ್ಮೇಲೆ ಅಲ್ಲಿ ಯಾರೂ ಬೇಡ್ವಾ?’ ಅಂತ ಕೇಳುವವರಿದ್ದಾರೆ. ಬೇಕು. ಹಾನ್ಲೆಯಲ್ಲಿ ಸಿಬ್ಬಂದಿ ವರ್ಷವಿಡೀ ಇರುತ್ತಾರೆ. ಕ್ಯಾಮೆರಾದ ಸೆನ್ಸರನ್ನು ತುಂಬ ತಣ್ಣಗೆ ಇಡಬೇಕು. ಇಲ್ಲದಿದ್ದರೆ ಅದರ ಬಿಸಿಯೇ ಸುಳ್ಳು ಬೆಳಕಿನಂತೆ ಚಿತ್ರದಲ್ಲಿ ಕಾಣುತ್ತೆ. ಅದಕ್ಕೆ ದ್ರವ ನೈಟ್ರೋಜನ್ ಬೇಕು, ಅದನ್ನು ತುಂಬೋಕೆ ಮನುಷ್ಯರು ಬೇಕು. ವಿದ್ಯುತ್ ನೋಡಿಕೊಳ್ಳಬೇಕು, ಹಿಮ ತೆಗೆಯಬೇಕು, ಸಿಕ್ಕಿಹಾಕಿಕೊಂಡ ಗೇರ್ ಬಿಡಿಸಬೇಕು. ಸಂಪರ್ಕ ಪೂರ್ತಿ ಹೋದರೆ ಟೆಲಿಸ್ಕೋಪನ್ನು ಅಲ್ಲಿಂದಲೇ ನಡೆಸಬಹುದು.

ಹಾನ್ಲೆಯ ಹಳ್ಳಿಗರ ಪಾಲೂ ಇದರಲ್ಲಿದೆ. 2022ರ ಡಿಸೆಂಬರಿನಲ್ಲಿ ಆ ಪ್ರದೇಶವನ್ನು ‘ಡಾರ್ಕ್ ಸ್ಕೈ ರಿಸರ್ವ್’ ಅಂತ, ಅಂದರೆ ಕತ್ತಲೆಯನ್ನು ಕಾಪಾಡುವ ಪ್ರದೇಶ ಅಂತ, ಅಧಿಕೃತವಾಗಿ ಘೋಷಿಸಲಾಯಿತು. ಅಲ್ಲಿ ಮನೆಯ ಬೆಳಕು ಆಕಾಶಕ್ಕೆ ಚೆಲ್ಲದ ಹಾಗೆ ನೋಡಿಕೊಳ್ಳಬೇಕು. ಇದಕ್ಕೆ ಬದಲಾಗಿ ಊರಿನ ಯುವಕ ಯುವತಿಯರಿಗೆ ಚಿಕ್ಕ ಟೆಲಿಸ್ಕೋಪ್ ಕೊಟ್ಟು, ಪ್ರವಾಸಿಗಳಿಗೆ ನಕ್ಷತ್ರ ತೋರಿಸುವ ತರಬೇತಿ ನೀಡಿದ್ದಾರೆ. ಹೊಸಕೋಟೆಯ ಪರದೆ ಮೇಲೆ ಚಿತ್ರ ಸ್ವಚ್ಛವಾಗಿ ಬರೋದಕ್ಕೆ ಆ ಹಳ್ಳಿಯವರು ತಮ್ಮ ಬಾಗಿಲ ದೀಪ ತಗ್ಗಿಸೋದೂ ಒಂದು ಕಾರಣ.

ಸರದಿ ಯಾರದ್ದು?

ಇನ್ನು ಹಂಚಿಕೊಳ್ಳುವ ವಿಷಯ. ಇದು ತಂತ್ರಜ್ಞಾನಕ್ಕಿಂತ ಸೂಕ್ಷ್ಮ.

ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರ ನೆನಪು ಮಾಡಿಕೊಳ್ಳಿ. ಪ್ರತಿ ರೈತನೂ ಒಂದೊಂದು ದೊಡ್ಡ ಯಂತ್ರ ಕೊಳ್ಳೋಕಾಗಲ್ಲ, ಬಾಡಿಗೆಗೆ ತಗೊಳ್ತಾನೆ. ಆದರೆ ಕೊಯ್ಲಿನ ವಾರ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕು. ಆಗ ಯಾರಿಗೆ ಮೊದಲು ಅನ್ನೋದು ನ್ಯಾಯವಾಗಿ ನಡೆಯದಿದ್ದರೆ ಜಗಳ ಗ್ಯಾರಂಟಿ.

ಹಾನ್ಲೆಯ ಟೆಲಿಸ್ಕೋಪ್ 2003ರಿಂದ ಐಐಎ ಹೊರಗಿನ ವಿಜ್ಞಾನಿಗಳಿಗೂ ತೆರೆದಿದೆ. ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಸುತ್ತಾಗಿ ಹಂಚಿದ್ದಾರೆ. ಯಾವ ನಕ್ಷತ್ರ, ಯಾಕೆ, ಎಷ್ಟು ರಾತ್ರಿ ಅಂತ ಬರೆದು ಅರ್ಜಿ ಹಾಕಬೇಕು. ಸಮಿತಿಯೊಂದು ಅರ್ಜಿಗಳನ್ನು ನೋಡಿ ರಾತ್ರಿಗಳನ್ನು ಹಂಚುತ್ತೆ. ಹಂಚಿಕೆಯಾದ ರಾತ್ರಿಯೇ ಮೋಡ ಕವಿದರೆ ಅದೃಷ್ಟ ಕೆಟ್ಟಿತು ಅಂತ ಲೆಕ್ಕ. ಎಷ್ಟು ದುಡ್ಡು ಕೊಟ್ಟರೂ ಆ ರಾತ್ರಿ ವಾಪಸ್ ಬರಲ್ಲ. ಹಾಗಾಗಿ ಒಂದು ಗಂಟೆ ಲಿಂಕ್ ಹೋದರೂ ಅದು ಯಾರೋ ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿಯ ಒಂದು ಗಂಟೆ.

ತುರ್ತು ಕೆಲಸಕ್ಕೂ ನಿಯಮವಿದೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅವರು ‘ಎಂ101’ ಎಂಬ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸ್ಫೋಟಿಸಿದ್ದನ್ನು ಪತ್ತೆ ಮಾಡಿದರು. ಆ ಬೆಳಕು ಸುಮಾರು 2 ಕೋಟಿ ವರ್ಷ ಪ್ರಯಾಣ ಮಾಡಿ ಬಂದದ್ದು. ಆದರೆ ಬಂದ ಮೇಲೆ ಕಾಯಲ್ಲ; ಮೊದಲ ಕೆಲವು ದಿನಗಳಲ್ಲಿ ಅದು ಗಂಟೆ ಗಂಟೆಗೂ ಬದಲಾಗುತ್ತೆ. ಅಂಥ ಹೊತ್ತಿನಲ್ಲಿ ಆ ರಾತ್ರಿಯ ಸರದಿಯವರು ಸ್ವಲ್ಪ ಹೊತ್ತು ಜಾಗ ಬಿಟ್ಟುಕೊಡಬೇಕಾಗುತ್ತೆ. ಆಸ್ಪತ್ರೆ ಕ್ಯೂನಲ್ಲಿ ಎಮರ್ಜೆನ್ಸಿ ಕೇಸಿಗೆ ದಾರಿ ಬಿಡುವ ಹಾಗೆ. ಈ ಸ್ಫೋಟವನ್ನು ಹಾನ್ಲೆಯ ಟೆಲಿಸ್ಕೋಪ್ ಕೂಡ ಬೆನ್ನು ಹತ್ತಿ ನೋಡಿತು. ಜಾಗ ಬದಲಿಸೋಕೆ ಯಾರೂ ಬೆಟ್ಟ ಹತ್ತಬೇಕಾಗಿಲ್ಲ, ಹೊಸ ವಿಳಾಸ ಟೈಪ್ ಮಾಡಿದರೆ ಸಾಕು. ದೂರನಿಯಂತ್ರಣದ ನಿಜವಾದ ಲಾಭ ಇಂಥ ಹೊತ್ತಿನಲ್ಲೇ ಗೊತ್ತಾಗೋದು.

ಇಲ್ಲಿ ಬೆಳಗಾದರೆ ಇನ್ನೊಬ್ಬರ ಕೈಗೆ

ಸ್ಫೋಟ ರಾತ್ರಿ ಹಗಲು ನೋಡಲ್ಲ. ಹಾನ್ಲೆಯಲ್ಲಿ ಬೆಳಗಾದರೆ ಕೆಲಸ ನಿಲ್ಲಬೇಕು. ಆದರೆ ಆಗ ಭೂಮಿಯ ಇನ್ನೊಂದು ಮಗ್ಗುಲಲ್ಲಿ ರಾತ್ರಿ ಇರುತ್ತೆ. ಪೂರ್ವ ಆಸ್ಟ್ರೇಲಿಯಾಕ್ಕೂ ಅಟ್ಲಾಂಟಿಕ್ ಸಾಗರದ ಕ್ಯಾನರಿ ದ್ವೀಪಗಳಿಗೂ ನಡುವೆ ದೊಡ್ಡ ಖಾಲಿ ಜಾಗವಿದ್ದು, ಹಾನ್ಲೆ ಅದರ ಸರಿಸುಮಾರು ಮಧ್ಯದಲ್ಲಿ ಬರುತ್ತೆ. ಅಲ್ಲಿ ಸೂರ್ಯ ಮುಳುಗಿಲ್ಲ, ಇಲ್ಲಿ ಹುಟ್ಟಿಬಿಟ್ಟ ಅನ್ನೋ ಹೊತ್ತಿನಲ್ಲಿ ಲಡಾಖ್ ಕೈಗೆ ಸಿಗುತ್ತೆ.

ಈ ರಿಲೇ ಓಟಕ್ಕೆಂದೇ ‘ಗ್ರೋತ್’ ಎಂಬ ಅಂತರರಾಷ್ಟ್ರೀಯ ಜಾಲ ಕಟ್ಟಿದರು. ಅದರ ಭಾರತದ ಪಾಲಿಗೆ ಐಐಎ ಮತ್ತು ಐಐಟಿ ಬಾಂಬೆ ಸೇರಿ ಹಾನ್ಲೆಯಲ್ಲೇ 70 ಸೆಂ.ಮೀ. ಕನ್ನಡಿಯ ‘ಗ್ರೋತ್-ಇಂಡಿಯಾ’ ಟೆಲಿಸ್ಕೋಪ್ ಇಟ್ಟಿವೆ. 2018ರ ಜೂನ್‌ನಲ್ಲಿ ಅದು ಮೊದಲ ಬಾರಿ ಆಕಾಶ ನೋಡಿತು. ಇದು ಪೂರ್ತಿ ರೋಬೋಟಿಕ್. ಪಟ್ಟಿ ಕೊಟ್ಟರೆ ತಾನೇ ಬಾಗಿಲು ತೆಗೆದು, ಒಂದೊಂದಾಗಿ ನೋಡಿ ಮುಗಿಸುತ್ತೆ.

ಟೆಲಿಸ್ಕೋಪ್ ಒಂದೇ ಅಲ್ಲ

ದುಬಾರಿ ಯಂತ್ರವನ್ನು ಹೀಗೆ ಹಂಚಿಕೊಳ್ಳುವ ಪದ್ಧತಿ ಬೇರೆ ಕಡೆಯೂ ಇದೆ. ಸುಮಾರು 25 ವರ್ಷದ ಹಿಂದೆಯೇ ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಭಾರೀ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸಾಗರದಾಚೆಯಿಂದ ನಡೆಸಿ ತೋರಿಸಿದ್ದರು. ಜಿನೀವಾ ಬಳಿಯ ಸರ್ನ್‌ನಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಒಂದೇ ಇದ್ದರೂ, ಅದರ ಲೆಕ್ಕ ಬಿಡಿಸುವ ಕೆಲಸ 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕಂಪ್ಯೂಟರ್ ಕೇಂದ್ರಗಳಿಗೆ ಹಂಚಿಹೋಗುತ್ತೆ. ನಮ್ಮ ಮುಂಬೈ, ಕೋಲ್ಕತ್ತದ ಕೇಂದ್ರಗಳೂ ಅದರಲ್ಲಿವೆ.

ತಾಲ್ಲೂಕಿನ ಸಣ್ಣ ಕೈಗಾರಿಕೆಯವರು ಗಮನಿಸಬೇಕಾದದ್ದು ಇನ್ನೊಂದಿದೆ. ಕೇಂದ್ರ ಸರ್ಕಾರದ ‘ಐ-ಸ್ಟೆಮ್’ ಎಂಬ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಸಾರ್ವಜನಿಕ ದುಡ್ಡಿನಲ್ಲಿ ಕೊಂಡ ಲ್ಯಾಬ್ ಯಂತ್ರಗಳು ದೇಶದಲ್ಲಿ ಎಲ್ಲೆಲ್ಲಿವೆ ಅನ್ನೋ ಪಟ್ಟಿ ಅದರಲ್ಲಿದೆ. ಹೊರಗಿನ ಸಂಶೋಧಕರು, ಸ್ಟಾರ್ಟಪ್‌ಗಳು, ಕೈಗಾರಿಕೆಗಳು ಶುಲ್ಕ ಕಟ್ಟಿ ಸರದಿ ಕಾಯ್ದಿರಿಸಬಹುದು. ಯಂತ್ರವನ್ನು ನಾವೇ ದೂರದಿಂದ ನಡೆಸೋದಲ್ಲ, ಬುಕಿಂಗ್ ಮಾತ್ರ ಆನ್‌ಲೈನ್. ಆದರೂ ಲೋಹದ ಗುಣಮಟ್ಟವನ್ನೋ ಪ್ಲಾಸ್ಟಿಕ್ಕಿನ ಗುಣವನ್ನೋ ಪರೀಕ್ಷೆ ಮಾಡಿಸಬೇಕು, ಯಂತ್ರ ಕೊಳ್ಳೋಕೆ ಶಕ್ತಿ ಇಲ್ಲ ಅನ್ನುವವರು ಒಮ್ಮೆ ನೋಡಬಹುದು.

ನಮ್ಮೂರಿಗೆ ಇದರಿಂದೇನು?

ಕ್ರೆಸ್ಟ್‌ನಲ್ಲಿ ಟೆಲಿಸ್ಕೋಪ್ ನಡೆಸೋದಷ್ಟೇ ಅಲ್ಲ. ಸೂರ್ಯನನ್ನು ನೋಡಲು 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿ, ಪರೀಕ್ಷಿಸಿದ್ದೂ ಇದೇ ಕ್ಯಾಂಪಸ್ಸಿನಲ್ಲಿ. ಆ ನೌಕೆ ಇರೋದು 15 ಲಕ್ಷ ಕಿ.ಮೀ. ದೂರದಲ್ಲಿ. ಅಲ್ಲಿಗೆ ಆಜ್ಞೆ ಮುಟ್ಟೋಕೇ 5 ಸೆಕೆಂಡ್ ಬೇಕು, ರಿಪೇರಿಗೆ ಹೋಗೋಕೆ ಯಾರಿಗೂ ಆಗಲ್ಲ. ಅಲ್ಲೂ ಮೊಬೈಲ್ ಸ್ಟಾರ್ಟರಿನ ಪಾಠವೇ. ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು.

ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ನಕ್ಷತ್ರ ವಿಜ್ಞಾನ ಅಂದರೆ ಬರೀ ಗಣಿತ, ಭೌತಶಾಸ್ತ್ರ ಅಲ್ಲ. ನೆಟ್‌ವರ್ಕ್, ಮೋಟರ್, ಸೆನ್ಸರ್, ಶೀತಲೀಕರಣ, ಸಾಫ್ಟ್‌ವೇರ್ ಗೊತ್ತಿರುವವರಿಲ್ಲದೆ ಒಂದು ರಾತ್ರಿಯೂ ಸಾಗಲ್ಲ.

ಹೊಸಕೋಟೆ ಅಂದರೆ ಹೊರಗಿನವರಿಗೆ ನೆನಪಾಗೋದು ಬೆಳಗಿನ ಜಾವ 4 ಗಂಟೆಯ ಬಿರಿಯಾನಿ. ಭಾನುವಾರ ಆ ಹೊತ್ತಿಗೆ ಬೆಂಗಳೂರಿನಿಂದ ಕಾರು ಬೈಕು ಹತ್ತಿಕೊಂಡು ಬಂದವರು ಕ್ಯೂ ನಿಂತಿರುತ್ತಾರೆ. ಮೋಡವಿಲ್ಲದ ರಾತ್ರಿಯಾದರೆ ಅದೇ ಹೊತ್ತಿನಲ್ಲಿ, ಅದೇ ಊರಿನ ಶಿಡ್ಲಘಟ್ಟ ರಸ್ತೆಯಲ್ಲಿ ಯಾರೋ ಒಬ್ಬರು ರಾತ್ರಿಯ ಕೊನೆಯ ನಕ್ಷತ್ರದ ವಿಳಾಸ ಟೈಪ್ ಮಾಡುತ್ತಿರುತ್ತಾರೆ. ಇನ್ನೂ ಸ್ವಲ್ಪ ಹೊತ್ತಿಗೆ ಹಾನ್ಲೆಯಲ್ಲಿ ಬೆಳಕು ಹರಿಯುತ್ತೆ, ಗುಮ್ಮಟದ ಬಾಗಿಲು ಮುಚ್ಚುತ್ತೆ. ಮುಂದಿನ ಸಲ ಆ ಗೇಟಿನ ಮುಂದೆ ಹೋಗುವಾಗ ಮಕ್ಕಳು ‘ಒಳಗೇನಿದೆ?’ ಅಂತ ಕೇಳಿದರೆ, ಹೇಳೋಕೆ ಇಷ್ಟಾದರೂ ಇದೆ.